ಕಾಲೆಟ್ ಗಟ್ಟಿ ಹಿಡಿದರೆ ಸಾಲದು

ಕಲಬುರಗಿ ಕಪನೂರಿನ ನಮ್ಮ ಟೂಲ್ ರೂಮಿಗೆ ಮನೆಯ ಸಣ್ಣ ಮಿಲ್ಲಿಂಗ್ ಮಷೀನಿನ ದೂರು ಹೊತ್ತು ಬರುವವರ ಮಾತು ಹೆಚ್ಚುಕಡಿಮೆ ಒಂದೇ. ಕಟರ್ ಮುರಿಯುತ್ತದೆ, ಫಿನಿಶ್ ಬರುವುದಿಲ್ಲ, ಸ್ಲಾಟ್ ಅಗಲ ಆಗುತ್ತದೆ. ಬೈಗುಳವೆಲ್ಲ ಮಷೀನಿಗೆ. ಕಟರನ್ನು ಹಿಡಿಯುವ ಸೀಳುಬಿಟ್ಟ ಕೊಳವೆ, ಅಂದರೆ ಕಾಲೆಟ್, ಹೇಗಿದೆ ಅಂತ ಕೇಳಿದರೆ, "ಗಟ್ಟಿ ಹಿಡೀತದ್ರಿ ಸರ, ಜರಾನೂ ಅಲ್ಲಾಡಂಗಿಲ್ಲ" ಅನ್ನುತ್ತಾರೆ.

ಗಟ್ಟಿ ಹಿಡಿಯೋದನ್ನು ಅಗ್ಗದ ಕಾಲೆಟ್ಟೂ ಮಾಡುತ್ತದೆ. ಕಟರ್ ತನ್ನನ್ನು ತಿರುಗಿಸುವ ಸ್ಪಿಂಡಲ್ಲಿನ ನಟ್ಟನಡುವೆ ನಿಲ್ಲಬೇಕು, ಅದೇ ಕಷ್ಟದ ಕೆಲಸ. ನೀವು ದುಡ್ಡು ಕೊಡುವುದು ಅದಕ್ಕೆ.

ಲೆಕ್ಕ ಹಾಕಿ ನೋಡಿ. 6 ಮಿ.ಮೀ. ಎಂಡ್ ಮಿಲ್ ಕಟರ್, ಎರಡು ಹಲ್ಲು, ಫೀಡ್ ಹಲ್ಲಿಗೆ 0.02 ಮಿ.ಮೀ., ಅಂದರೆ ಒಂದೊಂದು ಹಲ್ಲು ಅಷ್ಟು ಕಡಿಯಬೇಕು. ಕಾಲೆಟ್ಟಿನ ಔಟ್, ಅಂದರೆ ತಿರುಗುವಾಗಿನ ಓಲಾಟ, ಡಯಲ್ ಗೇಜಿನ ಮೇಲೆ 0.02 ತೋರಿಸಿದರೆ ಕಟರ್ ನಡುವಿನಿಂದ 0.01 ಸರಿದಿದೆ ಅಂತ ಅರ್ಥ. ಆ ಓರೆ ಹಲ್ಲಿನ ದಿಕ್ಕಿಗೇ ಬಿದ್ದರೆ ಒಂದು ಹಲ್ಲು 0.04 ಕಡಿಯುತ್ತದೆ, ಇನ್ನೊಂದು ಸುಮ್ನೆ ಉಜ್ಜುತ್ತದೆ. ಜೋಡೆತ್ತಿನ ಗಾಡಿಯನ್ನು ಒಂದೇ ಎತ್ತು ಎಳೆದ ಹಾಗೆ. ದೊಡ್ಡ ಕಟರ್ ಇದನ್ನು ಸ್ವಲ್ಪ ತಡೆದುಕೊಳ್ಳುತ್ತದೆ. 3 ಮಿ.ಮೀ. ಕಾರ್ಬೈಡ್ ತಡೆಯುವುದಿಲ್ಲ, ಪಟ್ ಅಂತ ಹೋಗುತ್ತದೆ. ಪಾನಾಕ್ಕೆ ಪೈಪ್ ಸಿಕ್ಕಿಸಿ ನಟ್ ಎಷ್ಟು ಬಿಗಿದರೂ ಈ ಔಟ್ ಕಡಿಮೆ ಆಗಲ್ಲ. ಜಾಸ್ತಿಯೇ ಆಗಬಹುದು.

ಹೋದ ಬೇಸಿಗೆಯಲ್ಲಿ ಆಳಂದ ಕಡೆಯ ಹುಡುಗ ಒಬ್ಬ ಬಂದಿದ್ದ. ಅವನ ಅಪ್ಪ ದಾಲ್ ಮಿಲ್ಲಿನಲ್ಲಿ ಫಿಟ್ಟರ್. ಆನ್‌ಲೈನಿನಲ್ಲಿ ತರಿಸಿದ 18 ಕಾಲೆಟ್ಟಿನ ಇಆರ್32 (ಕಾಲೆಟ್ಟಿನ ಒಂದು ಬಗೆ, ಅಳತೆ) ಡಬ್ಬಿ, ಕಾಲೆಟ್ಟನ್ನು ಸ್ಪಿಂಡಲ್ಲಿಗೆ ಕೂರಿಸುವ ಚಕ್ ಎರಡನ್ನೂ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ. ನಮ್ಮ ಮಷೀನಿಗೆ ಹಾಕಿ ಗ್ರೈಂಡ್ ಮಾಡಿದ ಪಿನ್ ಹಿಡಿಸಿ ಡಯಲ್ ಇಟ್ಟೆ. 80 ಮೈಕ್ರಾನ್, ಅಂದರೆ 0.08 ಮಿ.ಮೀ.! ಅವನು ಕಾಲೆಟ್ಟನ್ನು ಮೊದಲು ಚಕ್ಕಿಗೆ ಇಳಿಸಿ, ಮೇಲೆ ನಟ್ ಹಾಕುತ್ತಿದ್ದ. ಇಆರ್ ಕಾಲೆಟ್ ಹಾಗಲ್ಲ. ನಟ್ ಒಳಗಿನ ರಿಂಗಿಗೆ ಅದರ ಸುತ್ತಲಿನ ಗ್ರೂವ್ ಕೂರಬೇಕು. ಸ್ವಲ್ಪ ಓರೆ ಹಿಡಿದು ಒತ್ತಿದರೆ ಟಕ್ ಅಂತ ಕೂರುತ್ತದೆ. ಆಮೇಲೆ ಎರಡನ್ನೂ ಜೊತೆಗೇ ಚಕ್ಕಿಗೆ ಹಾಕಬೇಕು. ಹಾಗೆ ಮಾಡಿದ ಮೇಲೆ 40ಕ್ಕೆ ಇಳಿಯಿತು. ನಮ್ಮ ಒಳ್ಳೆಯ 6 ಮಿ.ಮೀ. ಕಾಲೆಟ್ ಹಾಕಿದೆ, 10ರ ಹತ್ತಿರ ಬಂತು. ಹುಡುಗನ ಮುಖ ನೋಡಬೇಕಿತ್ತು. ಮಷೀನ್ ಮಾರಿಬಿಡುತ್ತೇನೆ ಅಂತಿದ್ದವನು ಅವನು.

ಹಾಗಂತ ಎಲ್ಲ ತಪ್ಪೂ ಕಾಲೆಟ್ಟಿನದೇ ಅಂತ ಮಷೀನ್ ನೋಡದೆ ನಾನು ಹೇಳಲಾರೆ. ಮೊದಲು ಸ್ಪಿಂಡಲ್ಲಿನ ಒಳಗಿನ ಟೇಪರಿಗೆ, ಅಂದರೆ ಕಿರಿದಾಗುತ್ತ ಹೋಗುವ ತೂತಿಗೆ, ಡಯಲ್ ಇಡಿ. ಆಮೇಲೆ ಚಕ್ಕಿನ ಟೇಪರಿಗೆ. ಕೊನೆಗೆ ಪಿನ್ ಹಿಡಿಸಿ ಕಾಲೆಟ್ಟಿನ ಬಾಯಿ ಹತ್ತಿರ ಒಮ್ಮೆ, 25 ಮಿ.ಮೀ. ಕೆಳಗೆ ಒಮ್ಮೆ. ಹತ್ತಿರ ಸರಿಯಿದ್ದು ಕೆಳಗೆ ಜಾಸ್ತಿ ಬಂದರೆ ಕಟರ್ ವಾಲಿ ನಿಂತಿದೆ. ಅಳೆಯುವ ಮೊದಲು ಟೇಪರ್ ಒರೆಸಿ. ಶಹಾಬಾದ್ ಕಲ್ಲಿನ ಪಾಲಿಶ್ ಅಂಗಡಿ ಪಕ್ಕದಲ್ಲಿದ್ದರೆ ಎರಡು ಸಲ ಒರೆಸಿ. ಆ ಪುಡಿ ಕಣ್ಣಿಗೆ ಕಾಣದಷ್ಟಿದ್ದರೂ ಡಯಲ್ಲಿಗೆ ಕಾಣುತ್ತದೆ.

ಮಷೀನಿನ ಸ್ಪಿಂಡಲ್ ಟೇಪರ್ ಎಂಟಿ3 (ಮೋರ್ಸ್ ಟೇಪರ್ 3) ಆದರೆ ನೇರ ಎಂಟಿ3 ಕಾಲೆಟ್ಟೂ ಸಿಗುತ್ತದೆ. ನಡುವೆ ಚಕ್ ಇಲ್ಲದ ಕಾರಣ ಹೆಡ್ ಕೆಳಗೆ ಜಾಗ ಉಳಿಯುತ್ತದೆ. ಆದರೆ ಒಂದು ಕಾಲೆಟ್ಟಿಗೆ ಒಂದೇ ಸೈಜ್.

ಇನ್ನು ಖರೀದಿ. ಡಬ್ಬಿ ಪೂರ್ತಿ ಬೇಡ. ನಿಮ್ಮ ಕಟರುಗಳ ಶ್ಯಾಂಕ್ (ಕಾಲೆಟ್ ಹಿಡಿಯುವ ಭಾಗ) 6, 8, 10, 12ರಲ್ಲೇ ಇರುತ್ತದೆ ಅಲ್ವಾ? 17ರ ಕಾಲೆಟ್ ಯಾವಾಗ ಬಳಸುತ್ತೀರಿ? ಡಬ್ಬಿಯ ದುಡ್ಡಿಗೆ ಒಳ್ಳೆಯವು ಎರಡು ಬಂದರೂ ಸಾಕು. ಔಟ್ ಎಷ್ಟು ಅಂತ ಬರೆದು ಕೊಡುವ ಕಂಪನಿಯದೇ ಕೇಳಿ. ಬರೀ "ಹೈ ಪ್ರಿಸಿಷನ್" ಅಂತ ಅಚ್ಚು ಹಾಕಿದ್ದನ್ನು ನಂಬಬೇಡಿ. ಹೈದರಾಬಾದಿನ ರಾಣಿಗಂಜಿಗೆ ಹೋಗುವವರು ಅಂಗಡಿಯಲ್ಲೇ ಸೀಳುಗಳನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಬರ್ (ಕಡಿದ ಅಂಚಿನ ಲೋಹದ ಮುಳ್ಳು) ಉಳಿದಿದ್ದರೆ, ಸೀಳುಗಳು ಸಮ ಇಲ್ಲದಿದ್ದರೆ ವಾಪಸ್ ಕೊಡಿ. ನಟ್ ಸಹ ಒಳ್ಳೆಯದೇ ಇರಲಿ, ಕೆಟ್ಟ ನಟ್ ಒಳ್ಳೆಯ ಕಾಲೆಟ್ಟನ್ನೂ ಓರೆ ಮಾಡುತ್ತದೆ. ಮೊದಲು 6 ಮತ್ತು 10 ತನ್ನಿ. 12ರ ಕಟರ್ ಕೊಂಡ ದಿನ 12ರ ಕಾಲೆಟ್ ತಂದರಾಯಿತು.