ರಕ್ತ ಬಿದ್ದಿದ್ದರೆ ಸಾಕಾ?

ಮಕ್ಕಳ ಬೆರಳಿನ ರಕ್ತದ ಹನಿಯನ್ನು ಮನೆಯಲ್ಲೇ ಕಾಗದದ ಕಾರ್ಡ್ ಮೇಲೆ ಒಣಗಿಸಿ ನಮ್ಮ ಲ್ಯಾಬ್‌ಗೆ ಕಳಿಸುತ್ತಾರೆ. ಕಳೆದ ವಾರ ಕೊರಿಯರ್‌ನಲ್ಲಿ ಬಂದ ಅಂಥ ಕಾರ್ಡ್‌ಗಳಲ್ಲಿ ನಾಲ್ಕನ್ನು ಪಕ್ಕಕ್ಕಿಟ್ಟು, ಮತ್ತೆ ಕಳಿಸಿ ಅಂದೆ. ಸಂಜೆಯೊಳಗೆ ಮಾಮೂಲಿ ಫೋನ್ ಬಂತು. “ರಕ್ತ ಬಿದ್ದಿದೆ ಅಲ್ವಾ ಮೇಡಂ? ಇನ್ನೇನು ಬೇಕು? ಪಾಪ, ಮತ್ತೆ ಚುಚ್ಚಬೇಕಾ?”

ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಪಿಕೆಯು, ಎಂಎಸ್‌ಯುಡಿ ಅಂದರೆ ಊಟದ ಪ್ರೋಟೀನ್‌ನ ಕೆಲವು ಅಂಶಗಳನ್ನು ದೇಹ ಸರಿಯಾಗಿ ಒಡೆಯಲಾರದ ಹುಟ್ಟು ಕಾಯಿಲೆಗಳು. ಇವು ಇರುವ ಮಕ್ಕಳ ಮನೆಯಲ್ಲಿ ಬೆರಳು ಚುಚ್ಚುವ ದಿನ ಅಂದರೆ ಅಳು, ಓಡಾಟ, ಲಂಚಕ್ಕೆ ಒಂದು ಬಲೂನು. ಇಷ್ಟೆಲ್ಲ ಪಡಿಪಾಟಲು ಪಡುವ ಅಪ್ಪ ಅಮ್ಮನಿಗೆ ಲ್ಯಾಬ್‌ನಲ್ಲಿ ಆ ಕಾರ್ಡ್ ಏನಾಗುತ್ತದೆ ಅಂತ ಮಾತ್ರ ಯಾರೂ ಹೇಳಿರುವುದಿಲ್ಲ.

ನಾವು ರಕ್ತವನ್ನು ಅಳೆಯುವುದಿಲ್ಲ, ಕಾಗದವನ್ನು ಅಳೆಯುತ್ತೇವೆ. ಒಣಗಿದ ಕಲೆಯಿಂದ 3.2 ಮಿಲಿಮೀಟರ್ ಅಗಲದ ಒಂದು ಚೂರನ್ನು ಪಂಚ್ ಮಾಡಿ ತೆಗೆಯುತ್ತೇವೆ. ಕಲೆ ಸರಿಯಾಗಿದ್ದರೆ ಆ ಚೂರಿನಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತ ಇರುತ್ತದೆ. ಇದ್ದೇ ಇದೆ ಅಂತ ನಂಬಿಕೊಂಡು ಲೆಕ್ಕ ಹಾಕುತ್ತೇವೆ. ಅಲ್ಲಿ 2 ಮಾತ್ರ ಇದ್ದರೆ ಮೆಷಿನ್‌ಗೆ ಗೊತ್ತಾಗುವುದಿಲ್ಲ. ಪಿಕೆಯು ಮಕ್ಕಳ ರಕ್ತದಲ್ಲಿ ಏರುವ ಪ್ರೋಟೀನ್ ಅಂಶ ಫಿನೈಲ್‌ಅಲನಿನ್ ಕಡಿಮೆ ಇದೆ ಅಂತ ತೋರಿಸಿ ಸುಮ್ಮನಾಗುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಬಫಲೋದಲ್ಲಿ ಪಿಕೆಯು ಪತ್ತೆಗೆ ಈ ಪರೀಕ್ಷೆ ಶುರುಮಾಡಿದ ರಾಬರ್ಟ್ ಗತ್ರಿ ಕೂಡ ಕಾಗದದ ಚೂರನ್ನು ಹೀಗೇ ಪಂಚ್ ಮಾಡಿ, ಬ್ಯಾಕ್ಟೀರಿಯಾ ಬೆಳೆಯುವ ತಟ್ಟೆಯಲ್ಲಿಟ್ಟು ನೋಡುತ್ತಿದ್ದರು. ಈಗ ಅಣುಗಳನ್ನು ತೂಕದಿಂದ ಗುರುತಿಸಿ ಅಳೆಯುವ ಟ್ಯಾಂಡಮ್ ಮಾಸ್ ಮೆಷಿನ್ ಬಂದಿದೆ. ಪಂಚ್ ಹಾಗೇ ಉಳಿದಿದೆ.

ಜಾಸ್ತಿ ಜನಕ್ಕೆ ಪೂರಿ ಮಾಡುವಾಗ ಹಿಟ್ಟನ್ನು ದೊಡ್ಡದಾಗಿ ಲಟ್ಟಿಸಿ, ಡಬ್ಬಿ ಮುಚ್ಚಳ ಒತ್ತಿ ಗುಂಡಗೆ ಕತ್ತರಿಸುತ್ತೇವಲ್ಲ? ಎಲ್ಲ ಪೂರಿಯೂ ಒಂದೇ ಅಗಲ. ಆದರೆ ಲಟ್ಟಿಸುವಾಗ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿದ್ದರೆ ತೂಕ ಒಂದೇ ಬರುತ್ತದಾ? ಹನಿಯ ಮೇಲೆ ಹನಿ ಹಾಕಿದರೆ ನಮ್ಮ ಚೂರು ದಪ್ಪ ಪೂರಿ, ರಿಪೋರ್ಟ್ ಏರುತ್ತದೆ. ಸಣ್ಣ ಚುಕ್ಕಿ ಇಟ್ಟರೆ ತೆಳು ಪೂರಿ, ರಿಪೋರ್ಟ್ ಇಳಿಯುತ್ತದೆ. ಎರಡೂ ಬದಿಯಿಂದ ಹಾಕಿದರೆ ದೇವರೇ ಬಲ್ಲ. “ನೀವೇ ಸ್ವಲ್ಪ ಸೇರಿಸಿ ಕಳೆದು ಹೇಳಿ” ಅಂತ ಒಬ್ಬರು ಅಂದರು. ಎಷ್ಟು ಸೇರಿಸಲಿ, ಹೇಳಿ?

ಹೋದ ವರ್ಷ ಒಂದು ಪಿಕೆಯು ಹುಡುಗಿ, ಐದು ವರ್ಷ. ತಿಂಗಳುಗಟ್ಟಲೆ 450ರ ಆಸುಪಾಸಿನಲ್ಲಿದ್ದ ಫಿನೈಲ್‌ಅಲನಿನ್ ಮಟ್ಟ ಇದ್ದಕ್ಕಿದ್ದಂತೆ 280 ಆಯಿತು. ಈ ವಯಸ್ಸಿಗೆ ಸಾಮಾನ್ಯವಾಗಿ ಲೀಟರ್ ರಕ್ತಕ್ಕೆ 120ರಿಂದ 360 ಮೈಕ್ರೋಮೋಲ್ ಒಳಗಿರಲಿ ಅನ್ನುತ್ತಾರೆ. ನಿಮ್ಮ ಮಗುವಿನ ಗಡಿಯನ್ನು ನಿಮ್ಮ ಡಾಕ್ಟರೇ ಹೇಳಬೇಕು, ನನ್ನ ಅಂಕಣ ಅಲ್ಲ. ಅಜ್ಜಿಗೆ ಖುಷಿಯೋ ಖುಷಿ. ತೂಕ ಮಾಡಿ ಕೊಡುವ ಅನ್ನಕ್ಕೆ ಇನ್ನೆರಡು ಚಮಚ ಸೇರಿತು, ಮೇಲೆ ಕದ್ದು ಒಂದಿಷ್ಟು ಮೊಸರು. ಆ ಕಾರ್ಡನ್ನು ಪಾಸ್ ಮಾಡಿದವಳು ನಾನೇ. ಕಲೆ ದೊಡ್ಡದಾಗಿತ್ತು, ಸ್ವಲ್ಪ ಪೇಲವ ಅನ್ನಿಸಿತ್ತು. ಕೆಲಸದ ಗಡಿಬಿಡಿಯಲ್ಲಿ ಬಿಟ್ಟೆ.

ಎರಡು ವಾರದ ಮೇಲೆ ಮತ್ತೆ ಅಷ್ಟೇ ದೊಡ್ಡ, ಅಷ್ಟೇ ಪೇಲವ ಕಲೆ. ಈ ಸಲ ಫೋನ್ ಮಾಡಿದೆ. ಅಪ್ಪ ತುಂಬ ಅಚ್ಚುಕಟ್ಟಿನ ಮನುಷ್ಯ. “ಕಾರ್ಡ್ ಒಣಗುವಾಗ ಸೊಟ್ಟ ಆಗುತ್ತೆ ಮೇಡಂ. ಅದಕ್ಕೆ ಹಸಿ ಇರುವಾಗಲೇ ದಪ್ಪ ಡಿಕ್ಷನರಿ ಒಳಗೆ ಒತ್ತಿ ಇಡ್ತೀನಿ” ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮಗುವಿನ ಕೈಯನ್ನು ಸೋಪು ಹಾಕಿ ಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿ. ಚುಚ್ಚಿದ ಮೇಲೆ ಮೊದಲ ಹನಿ ಒರೆಸಿಬಿಡಿ. ಬೆರಳು ಹಿಂಡಬೇಡಿ, ಹಿಂಡಿದರೆ ರಕ್ತದ ಜತೆ ನೀರಿನಂಥ ದ್ರವವೂ ಬರುತ್ತದೆ. ಕೈ ಇಳಿಬಿಟ್ಟು ಕಾಯಿರಿ. ಹನಿ ದಪ್ಪಗೆ ತೂಗಲಿ. ಆಮೇಲೆ ಕಾಗದಕ್ಕೆ ಒಂದೇ ಸಲ, ಒಂದೇ ಬದಿಯಿಂದ ತಾಗಿಸಿ. ಅದು ತಾನೇ ಹರಡಿ, ಹಿಂದಿನವರೆಗೂ ಇಳಿಯಬೇಕು. ಕಾರ್ಡ್ ತಿರುಗಿಸಿದರೆ ಹಿಂದೆಯೂ ಮುಂದಿನಷ್ಟೇ ಕಲೆ ಕಾಣಬೇಕು. ಮೂರು ಅರೆಬರೆ ಕಲೆಗಿಂತ ಸರಿಯಾದ ಒಂದು ಇದ್ದರೆ ನನಗೆ ಸಾಕು.

ಒಣಗಿಸುವುದು ಮಲಗಿಸಿಟ್ಟು, ನೆರಳಲ್ಲಿ, ಕಲೆಗೆ ಏನೂ ತಾಗದ ಹಾಗೆ, ಕನಿಷ್ಠ 3–4 ಗಂಟೆ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹೇರ್ ಡ್ರೈಯರ್ ಬೇಡ, ಬಿಸಿಲು ಬೇಡ. ಹಸಿ ಕಾರ್ಡನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಲೇಬೇಡಿ.

ಮರುದಿನ ಬೆಳಿಗ್ಗೆ ಅವರು ಹೊಸ ಕಾರ್ಡ್ ಮಾಡಿ ಕಳಿಸಿದರು. ತುದಿ ಸ್ವಲ್ಪ ಸೊಟ್ಟಗಿತ್ತು. ಕಲೆ ಕಡುಗೆಂಪು, ಹಿಂದೆ ಮುಂದೆ ಒಂದೇ ಸಮ. ರಿಪೋರ್ಟ್ 490. ಅನ್ನದ ಲೆಕ್ಕವನ್ನು ಡಯಟೀಷಿಯನ್ ಮತ್ತೆ ಮೊದಲಿನಿಂದ ಮಾಡಿದರು. ಮೊಸರಿನ ವಿಷಯ ಅಜ್ಜಿ ಒಪ್ಪಿಕೊಂಡಿದ್ದು ಆವಾಗಲೇ.

ಎರಡು ಸಲದ ರಕ್ತ ಎಲ್ಲಿಗೆ ಹೋಗಿತ್ತು ಅಂತ ಅಪ್ಪ ಆಮೇಲೆ ಒಂದು ಫೋಟೊ ಕಳಿಸಿದರು. ಡಿಕ್ಷನರಿಯ ಹಾಳೆ ಮೇಲೆ ಸಾಲಾಗಿ ಆರು ಕಂದು ಚಂದ್ರ.