ಅಂಗಳದಲ್ಲಿ ದಾರ ಕಟ್ಟಿ ಟೋ ನೋಡುವುದು

ಶಿರಸಿಯ ನಮ್ಮ ಗ್ಯಾರೇಜಿಗೆ ಬರುವವರ ಗೋಳು ಹೆಚ್ಚಾಗಿ ರಸ್ತೆಯ ಹೊಂಡದ್ದು. ಮೊನ್ನೆ ಬಂದ ಹುಡುಗನದ್ದು ಬೇರೆ. ತನ್ನ ಹ್ಯಾಚ್‌ಬ್ಯಾಕ್ ತಗೊಂಡು ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾನಂತೆ. "ಅಣ್ಣಾ, ಟೋ ಮನೇಲೇ ಮಾಡ್ಕೊಬಹುದಾ?" ಎಂದು ಕೇಳಿದ. ಮಾಡಬಹುದು. ಪಾನಾ ಹಿಡಿಯುವ ಕೆಲಸ ಹತ್ತೇ ನಿಮಿಷದ್ದು. ಅದಕ್ಕೆ ಮೊದಲಿನ ತಯಾರಿಗೆ ಅರ್ಧ ದಿನ ಬೇಕು.

ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಯಾವ ಕಡೆ ತಿರುಗಿದೆ ಎಂಬುದು. ಮುಂದಿನ ಚಕ್ರಗಳ ಮೂತಿ ಒಳಗೆ ತಿರುಗಿದ್ದರೆ ಟೋ-ಇನ್, ಹೊರಗೆ ತಿರುಗಿದ್ದರೆ ಟೋ-ಔಟ್. ಸ್ವಲ್ಪ ಟೋ-ಔಟ್ ಇದ್ದರೆ ತಿರುವಿನಲ್ಲಿ ಗಾಡಿ ಬೇಗ ಮಾತು ಕೇಳುತ್ತದೆ. ಟ್ರ್ಯಾಕಿಗೆ ಹೋಗುವವರಿಗೆ ಬೇಕಾದದ್ದು ಅದೇ.

ಚಕ್ರ ಎತ್ತಿ, ಎಡಬಲ ಹಿಡಿದು ಅಲ್ಲಾಡಿಸಿ ನೋಡಿ. ಸ್ಟೇರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಸರಳು ಟೈ ರಾಡ್. ಅದರ ತುದಿಯ ಕೀಲಿನಲ್ಲಿ (ಟೈ ರಾಡ್ ಎಂಡ್) ಪ್ಲೇ, ಅಂದರೆ ಸಡಿಲ, ಇದ್ದರೆ ಅಳತೆ ಮಾಡುವುದೇ ದಂಡ. ಆಮೇಲೆ ನೆಲ. ನಮ್ಮ ಕಡೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಕಣ್ಣಿಗೆ ಸಮ. ಮಳೆನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ, ಅಲ್ವಾ? ಗೌಂಡಿಗಳು ಲೆವೆಲ್ ನೋಡುವ ನೀರಿನ ಪೈಪ್ ತಂದು ನಾಲ್ಕೂ ಚಕ್ರದ ಜಾಗ ನೋಡಿ. ತಗ್ಗಿದ್ದಲ್ಲಿ ಟೈಲ್ಸ್ ಇಡಿ. ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕದಷ್ಟು ಅಕ್ಕಿ ಚೀಲ ಇರಲಿ. ಸ್ಟೇರಿಂಗ್ ನೇರ ಇಟ್ಟು ಕಟ್ಟಿಬಿಡಿ.

ಈಗ ದಾರ. ಎರಡು ಪೈಪಿಗೆ ಒಂದೇ ಅಂತರದಲ್ಲಿ ಗೀರು ಹಾಕಿ, ಒಂದನ್ನು ಗಾಡಿಯ ಮುಂದೆ, ಒಂದನ್ನು ಹಿಂದೆ ಇಡಿ. ಗೀರಿನಿಂದ ಗೀರಿಗೆ ನೈಲಾನ್ ದಾರ ಎಳೆದರೆ ಎರಡೂ ಬದಿಯ ದಾರ ಸಮಾನಾಂತರ. ದಾರ ಹಬ್‌ನ (ಚಕ್ರದ ನಡುಭಾಗ) ಎತ್ತರದಲ್ಲಿರಬೇಕು, ಟೈರಿಗೆ ತಾಗಬಾರದು. ಮುಂದಿನ ಎರಡು ಹಬ್‌ಗಳಿಂದ ದಾರಕ್ಕೆ ಒಂದೇ ದೂರ ಬರಬೇಕು. ಹಿಂದಿನ ಎರಡಕ್ಕೂ ಹಾಗೆಯೇ. ಮುಂದಿನದಕ್ಕೂ ಹಿಂದಿನದಕ್ಕೂ ವ್ಯತ್ಯಾಸ ಬಂದರೆ ಗಾಬರಿ ಬೇಡ, ಬಹಳಷ್ಟು ಗಾಡಿಗಳಲ್ಲಿ ಮುಂದಿನ ಎರಡು ಚಕ್ರಗಳ ನಡುವಿನ ಅಗಲ, ಹಿಂದಿನ ಎರಡರ ನಡುವಿನ ಅಗಲ ಬೇರೆ ಬೇರೆ. ಸುಮ್ನೆ ಹಿಂದಿನ ಟೈರಿಗೆ ದಾರ ಒತ್ತಿ ಕಟ್ಟುವವರು ತಪ್ಪುವುದು ಇಲ್ಲೇ.

ಸ್ಟೀಲ್ ಸ್ಕೇಲಿನಿಂದ ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು ಎರಡನ್ನೂ ಅಳೆಯಿರಿ. ಮುಂದಿನ ಅಂಚು ದಾರಕ್ಕೆ ಹತ್ತಿರ ಇದ್ದರೆ ಟೋ-ಔಟ್. 14 ಇಂಚಿನ ರಿಮ್‌ನಲ್ಲಿ 1 ಮಿ.ಮೀ. ವ್ಯತ್ಯಾಸ ಎಂದರೆ ಸುಮಾರು 9 ಮಿನಿಟ್ ಕೋನ (ಒಂದು ಡಿಗ್ರಿಗೆ 60 ಮಿನಿಟ್). ಮುಂದಿನ ಒಂದೊಂದು ಚಕ್ರಕ್ಕೆ 1 ಮಿ.ಮೀ. ಟೋ-ಔಟ್ ಸಾಕು, ಶುರುವಿಗೆ ಅದಕ್ಕಿಂತ ಜಾಸ್ತಿ ಬೇಡ. ಹಿಂದಿನ ಚಕ್ರಕ್ಕೆ ಟೋ-ಔಟ್ ಬೇಡವೇ ಬೇಡ, ಬಾಲ ಹೊರಗೆ ಹೋಗುತ್ತದೆ.

ಟೋ ಬದಲಿಸಲು ಟೈ ರಾಡ್‌ನ ಲಾಕ್ ನಟ್ ಸಡಿಲಿಸಿ. ಟೈ ರಾಡ್ ಮೇಲಿನ ರಬ್ಬರ್ ಬೂಟಿನ (ಧೂಳು ತಡೆಯುವ ಗವಸು) ಕ್ಲಿಪ್ಪನ್ನೂ ಬಿಡಿಸಿ, ಇಲ್ಲದಿದ್ದರೆ ಬೂಟ್ ತಿರುಚಿ ಹರಿಯುತ್ತದೆ. ಟೈ ರಾಡ್ ಆಕ್ಸಲಿನ ಹಿಂದಿದ್ದರೆ, ಚಿಕ್ಕದಾದಷ್ಟೂ ಟೋ-ಔಟ್. ಎರಡೂ ಕಡೆಯ ಟೈ ರಾಡ್ ಸಮ ತಿರುಗಿಸಿ.

ಒಮ್ಮೆ ನಾನೇ ಜಾಕ್ ಇಳಿಸಿದ ತಕ್ಷಣ ಅಳೆದು ಎರಡು ಗಂಟೆ ಹಾಳು ಮಾಡಿಕೊಂಡಿದ್ದೆ. ಎತ್ತಿ ಇಳಿಸಿದ ಚಕ್ರ ತನ್ನ ಜಾಗಕ್ಕೆ ಬಂದಿರುವುದಿಲ್ಲ. ಗಾಡಿಯನ್ನು ನಾಲ್ಕಾರು ಅಡಿ ಹಿಂದೆ ಮುಂದೆ ತಳ್ಳಿ, ದಾರ ಮತ್ತೆ ಹೊಂದಿಸಿ ಅಳೆಯಬೇಕು.

ಆ ಹುಡುಗ ಟೋ-ಔಟ್ ಹಾಗೇ ಇಟ್ಟುಕೊಂಡು ಓಡಾಡುತ್ತೇನೆ ಎಂದ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ದಿನಾ ಹೋಗುವ ಗಾಡಿ ಅದು. ಹೆದ್ದಾರಿಯಲ್ಲಿ ಅತ್ತಿತ್ತ ಎಳೆಯುತ್ತದೆ, ಟೈರಿನ ಒಳಅಂಚು ಬೇಗ ಸವೆಯುತ್ತದೆ. ಹಾಗಾಗಿ ಟೈ ರಾಡ್ ಮೇಲೆ ಬಿಳಿ ಪೇಂಟಿನ ಗುರುತು ಹಾಕಿ, ಎಷ್ಟು ತಿರುಗಿಸಿದ್ದು ಎಂದು ಚೀಟಿ ಬರೆದು ಕೊಟ್ಟಿದ್ದೇನೆ. ಟ್ರ್ಯಾಕಿನಿಂದ ಹೊರಡುವ ಮುಂಚೆ ಅಷ್ಟೇ ವಾಪಸ್ ತಿರುಗಿಸಬೇಕು.