ಓಟ್ಸ್ ಗಂಜಿ ಬೇಡ ಅಂದ ಅಜ್ಜಿ

ಸಕ್ಕರೆ ಕಾಯಿಲೆ ಇದ್ದವರು ಬೆಳಗ್ಗೆ ಏನು ತಿನ್ನಬೇಕು ಅಂತ ಯಾವ ಡಯೆಟಿಷಿಯನ್ನನ್ನು ಕೇಳಿದರೂ ಮೊದಲು ಬರುವ ಉತ್ತರ ಓಟ್ಸ್. ಅಗ್ಗ, ನಾರು ಜಾಸ್ತಿ, ಹತ್ತು ನಿಮಿಷದ ಕೆಲಸ. ಕೆನಡಾದ ಮ್ಯಾನಿಟೋಬಾಕ್ಕೆ ಬಂದ ಹೊಸತರಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ.

ಒಂದು ದಿನ ಎಪ್ಪತ್ತು ದಾಟಿದ, ಕೆನಡಾದ ಮೂಲನಿವಾಸಿಗಳಾದ ಕ್ರೀ ಜನಾಂಗದ ಅಜ್ಜಿಯೊಬ್ಬರು ಬಂದರು. ಎಲ್ಲರೂ ಅವರನ್ನು ಕೋಕಂ ಅನ್ನುತ್ತಿದ್ದರು. ಕ್ರೀ ಭಾಷೆಯಲ್ಲಿ ಹಾಗಂದರೆ ಅಜ್ಜಿ. ಪುತ್ತೂರಿನವಳಾದ ನನಗೆ ಮಾತ್ರ ಆ ಪದ ಕೇಳಿದಾಗಲೆಲ್ಲ ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಸಾರು ನೆನಪಾಗುತ್ತದೆ, ಏನು ಮಾಡಲಿ. ಓಟ್ಸ್ ಗಂಜಿಯ ಚಿತ್ರ ಇದ್ದ ಹಾಳೆಯನ್ನು ಅವರತ್ತ ಸರಿಸಿದೆ. ಅವರು ಬೆರಳ ತುದಿಯಲ್ಲಿ ಅದನ್ನು ವಾಪಸ್ ತಳ್ಳಿದರು. ಮಾತಿಲ್ಲ. ಆಮೇಲೆ ನಾಲ್ಕು ತಿಂಗಳು ಈ ಕಡೆ ಬರಲೇ ಇಲ್ಲ. ನಾನು ಫೈಲಿನಲ್ಲಿ ‘ಸಲಹೆ ಪಾಲಿಸುತ್ತಿಲ್ಲ’ ಅಂತ ಬರೆದೆ. ಆ ಸಾಲು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. (ಅಜ್ಜಿಯ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.)

ವಿಷಯ ಬಿಡಿಸಿ ಹೇಳಿದ್ದು ಅದೇ ಸಮುದಾಯದ ಆರೋಗ್ಯ ಕಾರ್ಯಕರ್ತೆ. “ಅವರು ಶಾಲೆಯಲ್ಲಿದ್ದವರು. ಅಲ್ಲಿ ದಿನಾ ಬೆಳಗ್ಗೆ ಅದೇ ಗಂಜಿ. ಹುಳ ಇದ್ದರೂ ನುಂಗಬೇಕು. ವಾಂತಿ ಆದರೆ ಅದನ್ನೂ...” ಅಂದು ಸುಮ್ಮನಾದರು.

ನಮ್ಮಲ್ಲಿ ರೆಸಿಡೆನ್ಶಿಯಲ್ ಸ್ಕೂಲ್ ಅಂದರೆ ನವೋದಯ, ಮೊರಾರ್ಜಿ. ಸೀಟು ಸಿಕ್ಕರೆ ಮನೆಯವರು ಸ್ವೀಟು ಹಂಚುತ್ತಾರೆ. ಕೆನಡಾದ ಮೂಲನಿವಾಸಿಗಳ ಬಾಯಲ್ಲಿ ಆ ಪದದ ಅರ್ಥವೇ ಬೇರೆ. 1880ರ ದಶಕದಿಂದ 1990ರ ದಶಕದವರೆಗೆ ಸರ್ಕಾರ ದುಡ್ಡು ಕೊಟ್ಟು, ಬಹುಕಾಲ ಚರ್ಚುಗಳು ನಡೆಸಿದ ಶಾಲೆಗಳವು. ಸುಮಾರು 1,50,000 ಮಕ್ಕಳು ಅಲ್ಲಿ ಬೆಳೆದರು. 1920ರಲ್ಲಿ ಕಾನೂನು ಬದಲಿಸಿದ ಮೇಲೆ ಅಪ್ಪ ಅಮ್ಮ ಒಪ್ಪದಿದ್ದರೂ ಮಕ್ಕಳನ್ನು ಒಯ್ಯಬಹುದಾಗಿತ್ತು. ಹೋದ ಕೂಡಲೇ ಕೂದಲಿಗೆ ಕತ್ತರಿ. ತಾಯ್ನುಡಿ ಆಡಿದರೆ ಏಟು. ಎಷ್ಟೋ ಕಡೆ ಹೆಸರಿನ ಬದಲು ನಂಬರು. ಇದೆಲ್ಲ ಈಗ ತುಂಬ ಜನಕ್ಕೆ ಗೊತ್ತಿದೆ. ಅಡುಗೆಮನೆಯ ಕಥೆ ಅಷ್ಟಾಗಿ ಗೊತ್ತಿಲ್ಲ. ನನ್ನ ಕೆಲಸ ಊಟದ್ದು, ಹಾಗಾಗಿ ಅದನ್ನೇ ಹೇಳುತ್ತೇನೆ.

ಒಂದು ಮಗುವಿಗೆ ಇಷ್ಟು ಅಂತ ಅನುದಾನ ಬರುತ್ತಿತ್ತು. ಅದು ಯಾವತ್ತೂ ಸಾಲುತ್ತಿರಲಿಲ್ಲ. ಮಕ್ಕಳು ಅರ್ಧ ದಿನ ಪಾಠ, ಅರ್ಧ ದಿನ ಹೊಲ, ಕೊಟ್ಟಿಗೆ, ಬಟ್ಟೆ ಒಗೆತ ಅಂತ ದುಡಿಯುತ್ತಿದ್ದರು. ಹಾಲು ಕರೆದವರೂ ಅವರೇ, ಆದರೆ ಎಷ್ಟೋ ಶಾಲೆಗಳಲ್ಲಿ ಬೆಣ್ಣೆ, ಕೆನೆ, ಮೊಟ್ಟೆ ಹೋಗುತ್ತಿದ್ದದ್ದು ಸಂತೆಗೆ, ಇಲ್ಲವೇ ಸಿಬ್ಬಂದಿಯ ಮೇಜಿಗೆ. ಒಂಟಾರಿಯೊದ ಬ್ರಾಂಟ್‌ಫರ್ಡ್‌ನಲ್ಲಿದ್ದ ಮೋಹಾಕ್ ಇನ್‌ಸ್ಟಿಟ್ಯೂಟನ್ನು ಮಕ್ಕಳು ‘ಮಷ್ ಹೋಲ್’ ಅನ್ನುತ್ತಿದ್ದರು. ಗಂಜಿ ಗುಂಡಿ ಅನ್ನಿ. ನಮಗೆ ಗಂಜಿ ಅಂದರೆ ಜ್ವರ ಬಂದಾಗ ಅಮ್ಮ ಉಪ್ಪಿನಕಾಯಿ ಜೊತೆ ಕೊಡುವ ಸಮಾಧಾನ. ಅದೇ ಪದ ಇನ್ನೊಬ್ಬರಿಗೆ ಹೊಟ್ಟೆ ತೊಳಸುತ್ತದೆ.

ಇನ್ನೂ ಕೆಟ್ಟದ್ದಿದೆ. 1948ರಿಂದ 1952ರವರೆಗೆ ಆರು ಶಾಲೆಗಳ ಸುಮಾರು 1,000 ಮಕ್ಕಳ ಮೇಲೆ ಸರ್ಕಾರವೇ ಆಹಾರದ ಪ್ರಯೋಗ ನಡೆಸಿತು. ಇತಿಹಾಸಕಾರ ಇಯಾನ್ ಮಾಸ್ಬಿ 2013ರಲ್ಲಿ ಆ ಕಡತಗಳನ್ನು ಬಯಲಿಗಿಟ್ಟರು. ಮಕ್ಕಳು ಅರೆಹೊಟ್ಟೆಯಲ್ಲಿದ್ದಾರೆ ಅಂತ ಗೊತ್ತಿತ್ತು. ಗೊತ್ತಿದ್ದೂ ಊಟ ಕೊಡಲಿಲ್ಲ, ಅಳತೆ ಮಾಡಿದರು. ಬ್ರಿಟಿಷ್ ಕೊಲಂಬಿಯಾದ ಆಲ್ಬರ್ನಿ ಶಾಲೆಯಲ್ಲಿ, ಹೋಲಿಕೆಗೆ ಬೇಕು ಅಂತ, ಎರಡು ವರ್ಷ ಹಾಲನ್ನು ಶಿಫಾರಸಿನ ಅರ್ಧಕ್ಕಿಂತ ಕಡಿಮೆಯಲ್ಲೇ ಇಟ್ಟರು. ಒಸಡು ನೋಡಿ ಲೆಕ್ಕ ಹಾಕುತ್ತಿದ್ದರಿಂದ ಹಲ್ಲಿನ ಚಿಕಿತ್ಸೆಯನ್ನೂ ತಡೆದರು. ಇದರ ಮುಖ್ಯಸ್ಥ ಲಯನೆಲ್ ಪೆಟ್. ಕೆನಡಾದ ಮೊದಲ ಆಹಾರ ಮಾರ್ಗಸೂಚಿ ಬಂದದ್ದು 1942ರಲ್ಲಿ, ಅದನ್ನು ರೂಪಿಸಿದವರಲ್ಲೂ ಅವರೇ ಪ್ರಮುಖರು. ನಾನು ಅಜ್ಜಿಯತ್ತ ಸರಿಸಿದ ಹಾಳೆ ಅದೇ ಮಾರ್ಗಸೂಚಿಯ ಮರಿಮಗು!

ಇದಕ್ಕೂ ಇವತ್ತಿನ ಸಕ್ಕರೆ ಕಾಯಿಲೆಗೂ ಏನು ಸಂಬಂಧ? ಮೂಲನಿವಾಸಿಗಳಲ್ಲಿ ಡಯಾಬಿಟೀಸ್ ಉಳಿದವರಿಗಿಂತ ತುಂಬ ಜಾಸ್ತಿ. ಅವರ ಜೀನೇ ಹಾಗೆ ಅಂತ ವರ್ಷಗಟ್ಟಲೆ ಕೈತೊಳೆದುಕೊಂಡವರಿದ್ದಾರೆ. ಮಾಸ್ಬಿ ಮತ್ತು ಮಾನವಶಾಸ್ತ್ರಜ್ಞೆ ಟ್ರೇಸಿ ಗ್ಯಾಲೋವೇ 2017ರಲ್ಲಿ ಬೇರೆ ಕಡೆ ಬೊಟ್ಟು ಮಾಡಿದರು. ಶಾಲೆಯಿಂದ ಬದುಕಿ ಬಂದವರ ಮಾತುಗಳ ಆಧಾರದಲ್ಲಿ, ಒಂದು ಮಗುವಿಗೆ ದಿನಕ್ಕೆ ಸಿಗುತ್ತಿದ್ದದ್ದು 1,000ದಿಂದ 1,450 ಕ್ಯಾಲೊರಿ ಅಂತ ಅವರ ಅಂದಾಜು. ಬೆಳೆಯುವ ಮಗುವಿಗೆ ಇದು ಏನೇನೂ ಸಾಲದು. ಇಂಥ ಹಸಿವು ವರ್ಷಗಟ್ಟಲೆ ನಡೆದರೆ ಮೈ ಎತ್ತರ ಬೆಳೆಯುವುದನ್ನು ಬಿಟ್ಟು ಕೊಬ್ಬು ಕೂಡಿಡಲು ಕಲಿಯುತ್ತದೆ. ಮುಂದೆ ಊಟ ಸಿಗಲು ಶುರುವಾದಾಗ ತೂಕ ಏರುತ್ತದೆ, ಇನ್ಸುಲಿನ್ ಕೆಲಸ ಕೆಡುತ್ತದೆ. ತಾಯಿಗೆ ಹೀಗಾದರೆ ಹೊಟ್ಟೆಯಲ್ಲಿರುವ ಮಗುವಿಗೂ ತಟ್ಟುತ್ತದೆ. ಎಲ್ಲದಕ್ಕೂ ಇದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಬೇಟೆ, ಮೀನುಗಾರಿಕೆಯ ನೆಲ ಹೋಯಿತು. ಉತ್ತರದ ಊರುಗಳಲ್ಲಿ ತಾಜಾ ತರಕಾರಿಗೆ ಬೆಂಕಿ ರೇಟು. ಆದರೆ ಜೀನು ಅಂದುಬಿಟ್ಟರೆ ಈ ಯಾವುದನ್ನೂ ಯಾರೂ ಕೇಳಬೇಕಿಲ್ಲ, ಅಲ್ವಾ?

ಮೈಗಿಂತ ಹೆಚ್ಚಾಗಿ ನನಗೆ ಕಾಣುವುದು ಊಟದ ಮೇಜು. ಕಾರ್ಯಕರ್ತೆಯ ಜೊತೆ ಒಮ್ಮೆ ಅಜ್ಜಿಯ ಮನೆಗೆ ಹೋಗಿದ್ದೆ. ಒಂಬತ್ತು ವರ್ಷದ ಮೊಮ್ಮಗಳು ತಟ್ಟೆಗೆ ಕೈ ಅಡ್ಡ ಇಟ್ಟುಕೊಂಡು, ಮೂರೇ ನಿಮಿಷದಲ್ಲಿ ಊಟ ಮುಗಿಸಿದಳು. ಅವಳು ಯಾವತ್ತೂ ಹಸಿದವಳಲ್ಲ. ಆ ಮನೆಯಲ್ಲಿ ಉಣ್ಣುವ ಕ್ರಮವೇ ಹಾಗೆ, ಅಮ್ಮ ಅಜ್ಜಿಯಿಂದ ಕಲಿತಳು, ಇವಳು ಅಮ್ಮನಿಂದ. “ನಿಧಾನ ಮಾಡಿದರೆ ದೊಡ್ಡ ಹುಡುಗರು ಕಿತ್ತುಕೊಳ್ಳುತ್ತಿದ್ದರು” ಅಂದರು ಅಜ್ಜಿ, ನಿನ್ನೆ ನಡೆದ ಹಾಗೆ. ಮೂಸ್ ಅನ್ನುವ ದೊಡ್ಡ ಜಿಂಕೆಯ ಮಾಂಸ ಒಣಗಿಸುವುದು ಅವರಿಗೆ ಬರುವುದಿಲ್ಲ. ಅದನ್ನು ಅಮ್ಮನ ಪಕ್ಕ ನಿಂತು ಕಲಿಯುವ ವಯಸ್ಸಿನಲ್ಲಿ ಅವರು ಅಮ್ಮನ ಪಕ್ಕ ಇರಲಿಲ್ಲ. ಮಗಳಿಗೆ ಕಲಿಸಲು ಕೈಯಲ್ಲಿ ಉಳಿದದ್ದು ಮೈದಾ, ಎಣ್ಣೆ, ಸಕ್ಕರೆ.

ಈಗ ನನ್ನ ರೂಮಿನಲ್ಲಿ ಕೆಲವು ಪದ್ಧತಿ ಬದಲಾಗಿವೆ. ತೂಕ ನೋಡುವ ಮೊದಲು ಕೇಳುತ್ತೇನೆ, ಬೇಡ ಅಂದರೆ ಬಿಡುತ್ತೇನೆ. ಸಾಲಾಗಿ ನಿಲ್ಲಿಸಿ ತೂಗಿಸಿಕೊಂಡ ನೆನಪು ಇರುವವರು ಇದ್ದಾರೆ. ‘ಏನು ತಿನ್ನುತ್ತೀರಿ’ ಅನ್ನುವ ಮೊದಲು ‘ಯಾವುದು ನಿಮ್ಮ ಬಾಯಿಗೆ ಸೇರಲ್ಲ’ ಅಂತ ಕೇಳುತ್ತೇನೆ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಸಾಧ್ಯವಾದಷ್ಟು ಬರೆಸುವುದಿಲ್ಲ. ರಾತ್ರಿಯಿಂದ ಏನೂ ತಿನ್ನಬೇಡಿ ಅಂದರೆ ಕೆಲವರಿಗೆ ಕೈ ನಡುಗುತ್ತದೆ, ಅಪಾಯಿಂಟ್‌ಮೆಂಟಿಗೇ ಬರುವುದಿಲ್ಲ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಕಿಲ್ಲ. ನೋಡಿ, ಎಷ್ಟು ಸಣ್ಣ ಬದಲಾವಣೆ! ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಆ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಕೆನಡಾದ ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ 94 ಶಿಫಾರಸು ಮಾಡಿತು. 22ನೆಯದು, ಕೇಳಿಕೊಂಡ ರೋಗಿಗಳಿಗೆ ಮೂಲನಿವಾಸಿಗಳ ಚಿಕಿತ್ಸಾ ಕ್ರಮವನ್ನೂ ಬಳಸಿ ಅನ್ನುತ್ತದೆ. ನನ್ನ ಮಟ್ಟಿಗೆ ಅದು ಕಾಡು ಅಕ್ಕಿ, ಕೆರೆ ಮೀನು, ಬ್ಲೂಬೆರಿ. ಸಕ್ಕರೆ ಕಾಯಿಲೆಗೆ ಓಟ್ಸ್‌ಗಿಂತ ಇವೇನೂ ಕಡಿಮೆಯಲ್ಲ.

ಅಜ್ಜಿ ಈಗ ತಪ್ಪದೆ ಬರುತ್ತಾರೆ. ಅವರ ಚೀಲದಲ್ಲಿ ಟಿಶ್ಯೂ ಪೇಪರಿನಲ್ಲಿ ಸುತ್ತಿದ ಎರಡು ತುಂಡು ಬ್ರೆಡ್ ಯಾವಾಗಲೂ ಇರುತ್ತದೆ. ಮೊದಲ ಸಲ ನೋಡಿದಾಗ, ಅದನ್ನು ಬಿಡಿಸಬೇಕು ಅಂತ ನನಗೆ ಬಾಯಿ ತುದಿಗೆ ಬಂದಿತ್ತು. ಈಗ ಅವರ ದಿನದ ಪಿಷ್ಟದ ಲೆಕ್ಕ ಬರೆಯುವಾಗ ಆ ಎರಡು ತುಂಡನ್ನು ಮೊದಲೇ ಸೇರಿಸಿಕೊಂಡು, ಉಳಿದದ್ದನ್ನು ಹೊಂದಿಸುತ್ತೇನೆ.